ತೊಂಬತ್ತಾರನೇ ಮನೆಗೆ ಬಂದ ಚಿತ್ರ

ನಾನು ಡಿಗ್ರಿಗೆ ಸೇರಿದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಪರದೆ ಹೊಲಿದುಕೊಡಲು ಹೋಗಿ. ಊರಿನ ಕೊನೆಯಲ್ಲಿ ಹಾಳು ಬಿದ್ದಿದ್ದ ಹತ್ತಿ ಜಿನ್ನಿಂಗ್ ಮಿಲ್ಲನ್ನು ವಿಶ್ವವಿದ್ಯಾಲಯದವರು ತೆಗೆದುಕೊಂಡು, ಸುಣ್ಣ ಬಳಿಸಿ, ‘ಡಿಜಿಟಲ್ ಮತ್ತು ಪ್ರಾಯೋಗಿಕ ಮಾಧ್ಯಮ ಕಲಾ ವಿಭಾಗ’ ಎಂದು ಬೋರ್ಡು ಹಾಕಿದ್ದರು. ನಾಲ್ಕು ವರ್ಷದ ಪದವಿ. ವಿಭಾಗದ ಮುಖ್ಯಸ್ಥರು ಜಿನದತ್ತ ಸರ್ ಅಂತ. ತೆಳ್ಳಗೆ ಉದ್ದಕ್ಕೆ ಇದ್ದ, ಯಾವಾಗಲೂ ಏನನ್ನೋ ಮರೆತು ಬಂದವರ ಹಾಗೆ ಜೇಬು ತಡವಿಕೊಳ್ಳುತ್ತಿದ್ದ ಮನುಷ್ಯ. ಒಂದು ದಿನ ನನ್ನ ಹೊಲಿಗೆ ಅಂಗಡಿಗೆ ಬಂದು, "ಮೇಡಂ, ನಲವತ್ತು ಕರಿ ಪರದೆ ಬೇಕು. ಒಂದೆಳೆ ಬೆಳಕೂ ಒಳಗೆ ಬರಬಾರದು" ಅಂದರು.

ಹೊಲಿದ ಪರದೆಗಳನ್ನು ಹಾಕಲು ನಾನೇ ಹೋದೆ. ಕೊನೆಯದನ್ನು ಎಳೆದಾಗ ಮಿಲ್ಲಿನ ಒಳಗೆಲ್ಲ ಗವ್ವೆನ್ನುವ ಕತ್ತಲೆ. ಸರ್ ಪ್ರೊಜೆಕ್ಟರ್ ಹಚ್ಚಿದರು. ಎದುರಿನ ಗೋಡೆಯ ಮೇಲೆ ಒಂದು ಹನಿ ನೀರು ಬಿತ್ತು, ಹರಡಿತು, ಗೋಡೆಯಷ್ಟು ಅಗಲವಾಯಿತು, ಮತ್ತೆ ಒಂದು ಹನಿಯಾಗಿ ಮೇಲಕ್ಕೆ ಹೋಯಿತು. ಅಷ್ಟೇ. ನಾನು ಟೇಪು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

"ಇದನ್ನ ಕಲಿಸ್ತೀರಾ ಸರ್?" ಅಂತ ಕೇಳಿದೆ.

"ಪಿಯುಸಿ ಆಗಿದೆಯಾ?"

"ಆಗಿದೆ. ಇಪ್ಪತ್ತೊಂದು ವರ್ಷ ಆಯ್ತು."

ಸರ್ ಜೇಬು ತಡವಿದರು. "ಅರ್ಜಿಯಲ್ಲಿ ವಯಸ್ಸಿನ ಮಿತಿ ಹಾಕೋದನ್ನ ಮರೆತಿದ್ದಾರೆ. ಹನ್ನೆರಡು ಸೀಟಲ್ಲಿ ಏಳೇ ತುಂಬಿರೋದು. ಫಾರಂ ಕೊಡ್ಲಾ?"

ನಮ್ಮ ಯಜಮಾನರು ಪಂಚಾಕ್ಷರಿ ಊರಿನ ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಮಾತು ಕಮ್ಮಿ, ಮೀಸೆ ಜಾಸ್ತಿ. ಫಾರಂ ತೋರಿಸಿದಾಗ ಎರಡು ಸಲ ಓದಿ, "ಸೇರ್ಕೊ" ಅಂದರು. ಆಮೇಲೆ ಠಾಣೆಯಲ್ಲಿ ಯಾರಾದರೂ "ಸಾರ್, ಮನೆಯವರು ಏನು ಓದ್ತಿದಾರೆ?" ಅಂದರೆ ಕೋರ್ಸಿನ ಹೆಸರು ಪೂರ್ತಿ ಬಾಯಿಗೆ ಬರದೆ, "ದೊಡ್ಡದು" ಅನ್ನುತ್ತಿದ್ದರಂತೆ. "ಅದನ್ನ ಓದಿದ್ರೆ ಏನಾಗ್ತಾರೆ ಸಾರ್?" ಅಂದರೆ, "ಗೊತ್ತಾದ ದಿನ ಹೇಳ್ತೀನಿ, ನಡಿ."

ನಮ್ಮೂರಿನಲ್ಲಿ ಚಿತ್ರಗಳು ಇದ್ದಲ್ಲಿ ಇರುವುದಿಲ್ಲ. ಇವತ್ತು ನಮ್ಮ ಮನೆಯಲ್ಲಿರುವ ಚಿತ್ರ ನಾಳೆ ಬೆಳಕು ಹರಿಯುವಷ್ಟರಲ್ಲಿ ಮುಂದಿನ ನಂಬರಿನ ಮನೆಯಲ್ಲಿರುತ್ತದೆ, ನಾಡಿದ್ದು ಅದರ ಮುಂದಿನ ಮನೆಯಲ್ಲಿ. ಊರಲ್ಲಿ ನಾನೂರ ಹನ್ನೆರಡು ಬಾಗಿಲು. ನಾನೂರ ಹನ್ನೆರಡಾದ ಮೇಲೆ ಮತ್ತೆ ಒಂದು. ನಮ್ಮ ಮಾವನವರ ಫೋಟೋ ಮನೆಗೆ ಬರುವುದು ವರ್ಷಕ್ಕೊಂದು ಸಲ, ಅದೂ ಪ್ರತಿ ಸಲ ಒಂದೂವರೆ ತಿಂಗಳು ತಡವಾಗಿ. ಉಳಿದ ದಿನಗಳಲ್ಲಿ ನಮ್ಮ ಗೋಡೆಗೆ ಯಾರ ಅಜ್ಜ ಬಂದಿರುತ್ತಾರೋ ಅವರಿಗೇ ಹೂವು ಇಡುತ್ತೇವೆ. ನಮ್ಮ ಮಾವನವರಿಗೂ ಎಲ್ಲೋ ಯಾರೋ ಇಟ್ಟಿರುತ್ತಾರೆ. ಬಾಗಿಲಲ್ಲಿ ಬಿಡಿಸಿದ ರಂಗೋಲಿ ಮಾರನೇ ದಿನ ಪಕ್ಕದ ಮನೆಯ ಬಾಗಿಲಲ್ಲಿರುತ್ತದಾದ್ದರಿಂದ, ಪಕ್ಕದವರ ಮೇಲೆ ಸಿಟ್ಟಿದ್ದವರು ಬರೀ ಚುಕ್ಕಿ ಇಟ್ಟು ಎದ್ದುಬಿಡುತ್ತಾರೆ. ಬ್ಯಾಂಕಿನಲ್ಲಿ ಗುರುತಿನ ಚೀಟಿ ತೋರಿಸಿದಾಗ ಅದರಲ್ಲಿ ನಿಮ್ಮದೇ ಮುಖ ಇದ್ದರೆ ಮ್ಯಾನೇಜರು ಕನ್ನಡಕ ಏರಿಸಿ, "ಇದೇನ್ರೀ ಇದು?" ಅಂತ ಅನುಮಾನಪಡುತ್ತಾರೆ. ಅಕ್ಷರಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಬರೆದಲ್ಲೇ ಬಿದ್ದಿರುತ್ತವೆ.

ಇಂಥ ಊರಲ್ಲಿ ಹುಟ್ಟಿದವರಿಗೆ ಎರಡು ಮರ್ಯಾದೆಗಳನ್ನು ಅಂಗನವಾಡಿಯಲ್ಲೇ ಹೇಳಿಕೊಡುತ್ತಾರೆ. ಒಂದು, ಯಾರ ಚಿತ್ರ ತೆಗೆಯುವುದಿದ್ದರೂ ಅವರನ್ನು ಕೇಳಿ ತೆಗೆಯಬೇಕು. ಇನ್ನೊಂದು, ನಮ್ಮ ಮನೆಗೆ ಬಂದ ಚಿತ್ರದಲ್ಲಿ ಏನೇ ಇರಲಿ, ಅದರಲ್ಲಿರುವವರ ಎದುರು ಆ ಮಾತು ಎತ್ತಬಾರದು. ಬಂದ ಚಿತ್ರವನ್ನು ಕೆಡಿಸಲೂ ಬಾರದು. ಅಳಿಸುವ ಹಕ್ಕು ಅದರಲ್ಲಿ ಇರುವವರದು ಮಾತ್ರ.

ನಮ್ಮ ಕಾಲೇಜು ಇದ್ದದ್ದು ನಾನೂರ ಹನ್ನೆರಡನೇ ಬಾಗಿಲು. ಹಾಗಾಗಿ ನಾವು ಎಂಟು ಜನ ವಿದ್ಯಾರ್ಥಿಗಳು ಅಲ್ಲಿ ಏನೇ ಮಾಡಿದರೂ ಅದು ಮಾರನೇ ದಿನ ಮೊದಲು ಹೋಗುತ್ತಿದ್ದದ್ದು ಒಂದನೇ ನಂಬರಿಗೆ, ಕಮಲಾಬಾಯಿಯವರ ಮನೆಗೆ. ಕಮಲಾಬಾಯಿ ಹಪ್ಪಳ ಸಂಡಿಗೆ ಮಾಡಿ ಮಾರುವ ಹೆಂಗಸು, ಅರವತ್ತು ದಾಟಿದವರು. ಮೊದಲ ವರ್ಷ ಒಬ್ಬ ಹುಡುಗ ಇರುವೆಗಳ ಮೇಲೆ ನಲವತ್ತು ನಿಮಿಷದ ವಿಡಿಯೋ ಮಾಡಿದ್ದ. ಮಾರನೇ ದಿನ ಅದು ತಮ್ಮ ಮನೆಯ ಟಿವಿಯಲ್ಲಿ ಬಂದದ್ದು ಕಂಡು ಕಮಲಾಬಾಯಿ ಸೀದಾ ಕಾಲೇಜಿಗೇ ಬಂದರು.

"ಯಾರಪ್ಪಾ ಇರುವೆ ಬಿಟ್ಟೋನು?"

ಹುಡುಗ ಹೆದರುತ್ತ ಎದ್ದು ನಿಂತ.

"ಚೆನ್ನಾಗಿದೆ. ಆದ್ರೆ ಅವು ಎಲ್ಲಿಗೆ ಹೋಗ್ತಾವೆ ಅಂತ ಕಡೇತನಕ ಕಾದೆ, ಎಲ್ಲಿಗೂ ಹೋಗ್ಲಿಲ್ಲ. ಹಪ್ಪಳ ಸೀದುಹೋಯ್ತು."

ಅಲ್ಲಿಂದ ಮುಂದೆ ಅವರು ಪ್ರತಿಯೊಬ್ಬರ ಕೆಲಸವನ್ನೂ ನೋಡಿ, ಹಪ್ಪಳದ ಪೊಟ್ಟಣದ ಹಿಂದೆ ಅಭಿಪ್ರಾಯ ಬರೆದು ಕಳಿಸತೊಡಗಿದರು. ಜಿನದತ್ತ ಸರ್ ಆ ಚೀಟಿಗಳನ್ನು ಫೈಲು ಮಾಡಿ ಇಟ್ಟಿದ್ದರು. ವಿಶ್ವವಿದ್ಯಾಲಯದಿಂದ ಬರುತ್ತಿದ್ದ ಸುತ್ತೋಲೆಗಳಿಗಿಂತ ಅವೇ ದಪ್ಪಗಿದ್ದವು.

ತರಗತಿಯಲ್ಲಿ ನನ್ನನ್ನು ಎಲ್ಲರೂ ಆಂಟಿ ಅನ್ನುತ್ತಿದ್ದರು. ಕಂಪ್ಯೂಟರು ನನಗೆ ತಡವಾಗಿ ಒಗ್ಗಿತು. ಆದರೆ ಎಡಿಟಿಂಗ್ ಅಂದರೆ ಕತ್ತರಿಸಿ ಜೋಡಿಸುವುದು ಎಂದು ತಿಳಿದ ದಿನ, ಇದು ನಮ್ಮದೇ ಕಸುಬಲ್ಲವಾ ಅನಿಸಿತು. ಒಂದೇ ಕಷ್ಟವೆಂದರೆ, ಫೈಲನ್ನು ತೆರೆದು ನೋಡುವವರೆಗೆ ಅದು ಚಿತ್ರವಲ್ಲ, ಬರೀ ಅಂಕಿ. ಒಂದು ಸಲ ತೆರೆದರೆ ಚಿತ್ರವಾಗಿ, ಮಾರನೇ ಬೆಳಿಗ್ಗೆ ಹೊರಟೇಹೋಗುತ್ತದೆ. ಆದ್ದರಿಂದ ತೆಗೆದದ್ದನ್ನೆಲ್ಲ ನೋಡದೆ ಕೂಡಿಟ್ಟು, ತೆರೆದ ದಿನವೇ ಕತ್ತರಿಸಿ, ಹೊಲಿದು, ಗುಂಡಿ ಹಚ್ಚಿ ಮುಗಿಸಬೇಕಿತ್ತು. ಮದುವೆ ದಿನದ ಬೆಳಿಗ್ಗೆ ಬ್ಲೌಸು ಕೇಳುವವರಿಂದ ಪಳಗಿದ್ದ ನನಗೆ ಇದು ಹೊಸದಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಸರ್ ಕೊಟ್ಟ ವಿಷಯ ಇದು: ‘ನಿಮಗೊಬ್ಬರಿಗೇ ಗೊತ್ತಿರುವ ಒಂದು ಸಂಗತಿ.’

ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ ಏನೆಂದರೆ, ಹೆಡ್ ಕಾನ್‌ಸ್ಟೇಬಲ್ ಪಂಚಾಕ್ಷರಿ ಪ್ರತಿ ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತ ಕುಣಿಯುತ್ತಾರೆ. ವಾರಕ್ಕೊಂದು ದಿನ ಅಡುಗೆ ಅವರದು. ಲುಂಗಿ, ಬನಿಯನ್ನು, ಸಣ್ಣ ದನಿಯಲ್ಲಿ ರೇಡಿಯೋ. ಹಿಟ್ಟು ಹರಡುವಾಗ ಸೌಟಿನ ಜೊತೆ ಸೊಂಟವೂ ಒಂದು ಸುತ್ತು ಬರುತ್ತದೆ. ಎಣ್ಣೆ ಚಿಮುಕಿಸುವಾಗ ಹುಬ್ಬು ಮೇಲೆ. ಮಗುಚುವಾಗ ಎಡಗಾಲು ಹಿಂದಕ್ಕೆ ಹೋಗಿ, ಒಂದು ಕ್ಷಣ ನಿಂತು, ದೋಸೆ ಕಾವಲಿಗೆ ಬಿದ್ದ ಮೇಲೆ ನಿಧಾನಕ್ಕೆ ವಾಪಸ್ಸು ಬರುತ್ತದೆ. ನನಗೆ ಎಚ್ಚರವಾದದ್ದು ತಿಳಿದರೆ ನಿಲ್ಲಿಸಿಬಿಡುತ್ತಿದ್ದರು. ಅದಕ್ಕೇ ಹದಿನೆಂಟು ವರ್ಷಗಳಿಂದ ಭಾನುವಾರಗಳಂದು ಪಕ್ಕದ ಕೋಣೆಯಲ್ಲಿ ನಿದ್ದೆ ಬಂದವಳ ಹಾಗೆ ಮಲಗಿ, ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಕೇಳಿಯೇ ತೆಗೆಯಬೇಕಿತ್ತು, ಗೊತ್ತಿತ್ತು. ಕೇಳಿದ್ದರೆ ಒಪ್ಪುತ್ತಿರಲಿಲ್ಲ, ಅದೂ ಗೊತ್ತಿತ್ತು. ಒಪ್ಪಿದರೂ ಕ್ಯಾಮೆರಾ ಎದುರು ಪರೇಡಿಗೆ ನಿಂತ ಹಾಗೆ ನಿಂತುಬಿಡುತ್ತಿದ್ದರು. ಆರು ಭಾನುವಾರ ಹುರಿಗಡಲೆ ಡಬ್ಬಿಯ ಹಿಂದೆ ಫೋನು ಇಟ್ಟೆ. ಏಳನೇ ವಾರ ಕಾಲೇಜಿನಲ್ಲಿ ಕೂತು ಎಲ್ಲವನ್ನೂ ಒಂದೇ ದಿನದಲ್ಲಿ ತೆರೆದು, ಆರು ನಿಮಿಷಕ್ಕೆ ಕತ್ತರಿಸಿದೆ. ಸಂಜೆ ನೋಡಿದ ಜಿನದತ್ತ ಸರ್ ಇನ್ನೊಂದು ಸಲ ಹಾಕಿಸಿ ನೋಡಿದರು. ಕೊನೆಗೆ, "ಸರ್ವಮಂಗಳಾ ಮೇಡಂ, ಈ ನಾಲ್ಕು ವರ್ಷದಲ್ಲಿ ಈ ಕಟ್ಟಡದೊಳಗೆ ಆಗಿರೋ ಒಳ್ಳೇ ಕೆಲಸ ಇದು" ಅಂದರು. ನಾನು ಮನೆಗೆ ನಡೆದುಕೊಂಡು ಹೋಗಲಿಲ್ಲ, ತೇಲಿಕೊಂಡು ಹೋದೆ.

ಮಾರನೇ ದಿನ ಮಧ್ಯಾಹ್ನ ಕಮಲಾಬಾಯಿಯವರ ಚೀಟಿ ಬಂತು. ‘ನಿನ್ನ ಗಂಡ ಬಂದು ಮನೆಯೆಲ್ಲ ಹಬ್ಬವಾಯಿತು. ಒಂಬತ್ತು ಸಲ ನೋಡಿದೆ. ಇವತ್ತು ಹಪ್ಪಳ ಮಾಡಲಿಲ್ಲ.’ ಅದರ ಕೆಳಗೆ ಬೇರೆ ಸಾಲಿನಲ್ಲಿ: ‘ಕೇಳಿ ತೆಗೆದೆ ತಾನೇ?’ ಆ ಚೀಟಿಯನ್ನು ನಾನು ಸರ್ ಕೈಗೆ ಕೊಡದೆ ಪರ್ಸಿನಲ್ಲಿ ಇಟ್ಟುಕೊಂಡೆ.

ಚಿತ್ರ ಎರಡನೇ ಮನೆಗೆ ಹೋಯಿತು, ಮೂರನೆಯದಕ್ಕೆ ಹೋಯಿತು. ನಮ್ಮದು ತೊಂಬತ್ತಾರನೇ ನಂಬರು. ಇನ್ನೂ ಮೂರು ತಿಂಗಳಿದೆಯಲ್ಲ, ಅಷ್ಟರಲ್ಲಿ ಹೇಳಿದರಾಯಿತು ಅಂದುಕೊಂಡೆ. ಇಪ್ಪತ್ತು ಮನೆ ದಾಟಿದಾಗ, ಹಬ್ಬ ಮುಗಿಯಲಿ ಹೇಳೋಣ ಅಂದುಕೊಂಡೆ. ನಲವತ್ತು ದಾಟಿದಾಗ ಯಜಮಾನರಿಗೆ ನೆಗಡಿಯಾಗಿತ್ತು. ಊರಿನವರು ಬಾಯಿ ಬಿಡಲಿಲ್ಲ, ನಮ್ಮೂರಿನವರ ಮರ್ಯಾದೆ ದೊಡ್ಡದು. ಆದರೆ ಮುಖಗಳು ಸುಮ್ಮನಿರಬೇಕಲ್ಲ. ಇವರನ್ನು ಕಂಡರೆ ಅಂಗಡಿಯವರು ಎದ್ದು ನಿಲ್ಲತೊಡಗಿದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಮಸ್ಕಾರ ಮಾಡತೊಡಗಿದರು. ಇವರು ಮನೆಗೆ ಬಂದು, "ಆ ಬೈಕ್ ಕಳ್ಳನ್ನ ಹಿಡಿದಾಗಿಂದ ಜನಕ್ಕೆ ಪೊಲೀಸರ ಮೇಲೆ ಗೌರವ ಬಂದಿದೆ ಕಣೇ" ಅಂದರು. ನಾನು ಹೂಂ ಅಂದು ಸಾರಿಗೆ ಒಗ್ಗರಣೆ ಹಾಕಿದೆ.

ಎಪ್ಪತ್ತನೇ ನಂಬರು ಇನ್‌ಸ್ಪೆಕ್ಟರ ಕ್ವಾರ್ಟರ್ಸು. ಅವರು ಬೇರೆ ಊರಿನಿಂದ ವರ್ಗವಾಗಿ ಬಂದು ಹದಿನೈದು ದಿನವಾಗಿತ್ತಷ್ಟೇ, ನಮ್ಮ ರೀತಿ ರಿವಾಜು ತಿಳಿದವರಲ್ಲ. ಅವತ್ತು ಬೆಳಿಗ್ಗೆ ಠಾಣೆಯ ಹಾಜರಾತಿಯಲ್ಲಿ ಹದಿನಾಲ್ಕು ಜನ ಸಾಲಾಗಿ ನಿಂತಿದ್ದಾಗ ಅವರು ಒಳಗೆ ಬಂದವರೇ, "ಏನ್ರೀ ಪಂಚಾಕ್ಷರಿ, ದೋಸೆ ಹುಯ್ಯೋದ್ರಲ್ಲಿ ಇಷ್ಟೊಂದು ಡಾನ್ಸ್ ಇದೆ ಅಂತ ಗೊತ್ತೇ ಇರ್ಲಿಲ್ವಲ್ರೀ! ಆ ಎಡಗಾಲು ಹಿಂದಕ್ಕೆ ಹಾಕ್ತೀರಲ್ಲ, ಅದನ್ನೊಂದು ಸಲ ತೋರಿಸ್ರೀ" ಅಂದರಂತೆ.

ಇವರು ಅರ್ಧ ದಿನ ರಜೆ ಬರೆದು ಮನೆಗೆ ಬಂದರು. ಟೋಪಿ ತೆಗೆದು ಮೊಳೆಗೆ ಹಾಕಿದರು. ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ಕಳ್ಳರನ್ನು ಕೂರಿಸಿಕೊಂಡು ಕೇಳುವ ದನಿಯೇ ಆದರೂ ಜೋರಿರಲಿಲ್ಲ.

"ಯಾವಾಗ ತೆಗೆದೆ?"

"ಆರು ಭಾನುವಾರ."

"ನನ್ನ ಕೇಳಿದ್ಯಾ?"

"ಇಲ್ಲ ರೀ."

"ನಾನು ಹಂಗೆ ಮಾಡ್ತೀನಿ ಅಂತ ನಿನಗೆ ಎಂದಿನಿಂದ ಗೊತ್ತು?"

"ಮದುವೆಯಾದ ವರ್ಷದಿಂದ."

"ಮತ್ತೆ ನಿದ್ದೆ?"

"ನಾಟಕ."

ಅವರು ಪಕ್ಕದ ಕೋಣೆಯ ಬಾಗಿಲ ಸಂದಿ ನೋಡಿದರು. "ಇಪ್ಪತ್ತೆರಡು ವರ್ಷ ಸರ್ವೀಸಾಯ್ತು. ಪಕ್ಕದ ಕೋಣೇಲಿ ನಡೀತಿರೋದು ಗೊತ್ತಾಗ್ಲಿಲ್ಲ ನನಗೆ."

"ಎಪ್ಪತ್ತನೇ ಮನೇಲಿದೆ. ಈಗಲೇ ಹೋಗಿ, ನೀವೇ ಅಳಿಸಿ ಬನ್ನಿ" ಅಂದೆ. ಡಿಗ್ರಿ ಹೋದರೆ ಹೋಗಲಿ ಅನಿಸಿದ್ದು ಆಗಲೇ.

"ಎಪ್ಪತ್ತು ಮನೆ ನೋಡಿಯಾಗಿದೆ. ನಾನೊಬ್ಬನೇ ನೋಡಿಲ್ಲ. ಇನ್‌ಸ್ಪೆಕ್ಟರ ಮನೇಲಿ ನಿಂತು ನೋಡಲ್ಲ ನಾನು. ಮನೆಗೆ ಬರಲಿ" ಅಂದು ಎದ್ದರು. "ವಿಚಾರಣೆ ಮಾಡ್ತೀನಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಭಾನುವಾರ ಎಂದಿನ ಹಾಗೆ ಎದ್ದು ದೋಸೆ ಹುಯ್ದರು. ರೇಡಿಯೋ ಹಾಕಲಿಲ್ಲ. ಖಜಾನೆ ಕಾವಲಿಗೆ ನಿಂತವರ ಹಾಗೆ ಒಲೆಯ ಮುಂದೆ ನೆಟ್ಟಗೆ ನಿಂತಿದ್ದರು. ಕೈ ಒಂದೇ ಆಡುತ್ತಿತ್ತು. ಕುಣಿಯುತ್ತಿದ್ದ ದಿನಗಳಲ್ಲಿ ಅವರ ದೋಸೆ ಒಂದೊಂದು ಒಂದೊಂದು ದೇಶದ ನಕಾಶೆಯ ಹಾಗಿರುತ್ತಿತ್ತು. ಈಗ ಕೈವಾರ ಹಿಡಿದು ಎಳೆದಷ್ಟು ದುಂಡಗೆ, ಒಂದರ ಮೇಲೊಂದು ಇಟ್ಟರೆ ಅಂಚು ಕೂಡುವಂತೆ ಬಂದವು. ತಟ್ಟೆಯ ಮುಂದೆ ಕೂತು ಆ ದುಂಡನೆಯ ದೋಸೆಗಳನ್ನು ನೋಡಿ ನನಗೆ ಅಳು ಬಂತು. ಹದಿನೆಂಟು ವರ್ಷ ಬಾಗಿಲ ಸಂದಿಯಿಂದ ನೋಡಿದ್ದನ್ನು ನಾನೇ ನನ್ನ ಕೈಯಾರೆ ಕೆಡಿಸಿದ್ದೆ. ಊರಿಗೆಲ್ಲ ಸಿಕ್ಕಿತು, ನಮ್ಮ ಅಡುಗೆಮನೆಯಲ್ಲಿ ಇಲ್ಲವಾಯಿತು.

ಕಾಲೇಜಿಗೆ ಹೋಗಿ ಜಿನದತ್ತ ಸರ್‌ಗೆ ಇದ್ದದ್ದನ್ನೆಲ್ಲ ಹೇಳಿದೆ. "ಅವರು ಒಪ್ಪದೆ ಪರೀಕ್ಷೆಗೆ ತೋರಿಸೋದು ಬೇಡ ಸರ್."

ಸರ್ ನಾಲ್ಕೂ ಜೇಬು ತಡವಿದರು. "ಅದಿಲ್ಲದೆ ನಿಮಗೆ ಅಂಕ ಎಲ್ಲಿಂದ ಕೊಡೋದು ಮೇಡಂ? ಹೊರಗಿನಿಂದ ಪರೀಕ್ಷಕರು ಬರ್ತಾರೆ. ನಿಮ್ಮ ಎಂಟು ಜನರ ಕೆಲಸ ಒಂದೊಂದು ದಿನ ಮುಗಿದಿದ್ದು, ಒಂದೊಂದು ಮನೇಲಿದೆ. ಮನೆಮನೆಗೆ ಕರಕೊಂಡು ಹೋಗ್ತೀನಿ ಅಂತ ಬರೆದಾಗಿದೆ." ಗೋಡೆಯ ಪಟ್ಟಿ ನೋಡಿ ಬೆರಳಿನಲ್ಲಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. "ಪರೀಕ್ಷೆ ದಿನ ನಿಮ್ಮದು ಎಲ್ಲಿರತ್ತೆ ಗೊತ್ತಾ? ತೊಂಬತ್ತಾರು."

"ಅದು ನಮ್ಮನೆ ಸರ್."

"ಅದೇ ಅಂದೆ."

ಎಪ್ಪತ್ತರಿಂದ ನಮ್ಮ ಮನೆಯವರೆಗೆ ನಡುವೆ ಇದ್ದದ್ದು ಇಪ್ಪತ್ತೈದು ಮನೆಗಳು. ಆ ಮನೆಗಳಾದರೂ ನೋಡದಿರಲಿ ಎಂದು, ದೊಡ್ಡ ಟಿವಿಗೂ ಆಗುವಂಥ ಒಂದು ಕರಿ ಗವುಸನ್ನು ಇವರು ರಜೆ ಹಾಕಿ ಬಂದ ರಾತ್ರಿಯೇ ಹೊಲಿದಿದ್ದೆ. ದಿನಾ ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಅವತ್ತಿನ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದೆ. "ತಪ್ಪು ತಿಳೀಬೇಡಿ, ನಮ್ಮ ಯಜಮಾನರು ಬಂದಿದಾರೆ, ಸಂಜೆತನಕ ಇದನ್ನ ಹೊದಿಸಿರಿ." ಕೆಲವರು ಏನೂ ಕೇಳದೆ ಹೊದಿಸಿದರು. ಕೆಲವರು ನಾನು ಹೋಗುವಷ್ಟರಲ್ಲಿ ನೋಡಿಯೂ ಆಗಿ, ಕಣ್ಣೊರೆಸಿಕೊಳ್ಳುತ್ತ ಬಾಗಿಲು ತೆಗೆದು, "ಏನೂ ನೋಡಿಲ್ಲಮ್ಮ" ಅಂದರು. ಎಂಬತ್ತೆರಡನೇ ಮನೆಯ ಅಜ್ಜಿಯೊಬ್ಬರು, "ನಾನು ಎಷ್ಟು ದಿನ ಇರ್ತೀನೋ ಏನೋ, ಒಂದೇ ಒಂದು ಸಲ ನೋಡ್ತೀನಿ ತಾಯಿ" ಅಂತ ಗವುಸಿನ ತುದಿ ಎತ್ತಿದರು. ಅವರ ಮುಖದ ಮೇಲೆ ಟಿವಿಯ ಬೆಳಕು ಬಿದ್ದಾಗ ನಾನು ಬೇಡ ಅನ್ನಲಾರದೆ ಬೀದಿ ಕಡೆ ತಿರುಗಿ ನಿಂತೆ.

ತೊಂಬತ್ತೊಂದನೇ ದಿನ ಗವುಸನ್ನು ತೋಳಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದಾಗ ಹಿಂದಿನಿಂದ ಬೈಕು ಬಂದು ನಿಂತಿತು. ಬೀಟಿಗೆ ಹೊರಟಿದ್ದ ಇವರು.

"ಏನದು?"

ಹೇಳಿದೆ.

"ಎಷ್ಟು ದಿನದಿಂದ?"

"ಇಪ್ಪತ್ತೊಂದು."

ಗವುಸನ್ನು ಮುಟ್ಟಿ ನೋಡಿದರು. ಅಂಚಿನ ಹೊಲಿಗೆ ನೋಡಿದರು. ಬೈಕು ತಳ್ಳಿಕೊಂಡು ತೊಂಬತ್ತೊಂದರ ಬಾಗಿಲಿನವರೆಗೂ ನನ್ನ ಜೊತೆ ನಡೆದು ಬಂದರು. ಬಾಗಿಲು ತೆಗೆದವರು ಇವರನ್ನು ಕಂಡು ನಿಂತಲ್ಲೇ ಸೆಲ್ಯೂಟ್ ಹೊಡೆದುಬಿಟ್ಟರು.

ತೊಂಬತ್ತಾರನೇ ದಿನ ಗುರುವಾರ. ಇವರು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿ, ಬೆಲ್ಟು ಬಿಗಿದು ಟಿವಿಯ ಮುಂದೆ ಕುರ್ಚಿ ಹಾಕಿದರು. ನಾನು ರಿಮೋಟು ಕೈಗೆ ಕೊಟ್ಟು, "ಇದು ಹಾಕೋದು, ಇದು ನಿಲ್ಲಿಸೋದು. ಈ ಕೆಂಪು ಬಟನ್ನು ಅಳಿಸೋದು" ಅಂತ ತೋರಿಸಿದೆ.

"ನೀನು ಹೊರಗಿರು" ಅಂದರು.

ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ರೇಡಿಯೋದ ಹಾಡು ಶುರುವಾಯಿತು. ಆರು ಭಾನುವಾರದ ಹಾಡುಗಳನ್ನು ನಾನೇ ಹೊಂದಿಸಿದ್ದೆ, ಯಾವಾಗ ಏನು ಬರುತ್ತದೆ ಎಂದು ಬಾಯಿಪಾಠ. ಈಗ ಸೌಟು, ಈಗ ಹುಬ್ಬು, ಈಗ ಎಡಗಾಲು. ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು. ಪಕ್ಕದ ತೊಂಬತ್ತೈದರ ಖೈರುನ್ನೀಸಾ ಗೋಡೆಯ ಮೇಲಿಂದ ತಲೆ ಹಾಕಿ, ಏನಾಯ್ತು ಅಂತ ಕಣ್ಣಲ್ಲೇ ಕೇಳಿದಳು. ನಾನು ಎರಡು ಬೆರಳು ತೋರಿಸಿದೆ. ಆಮೇಲೆ ಮೂರು. ಆಮೇಲೆ ನಾಲ್ಕು.

ನಾಲ್ಕನೆಯದು ನಡೆಯುತ್ತಿದ್ದಾಗ ಜಿನದತ್ತ ಸರ್ ಪರೀಕ್ಷಕರನ್ನು ಕರೆದುಕೊಂಡು ಬಂದರು. ಡಾಕ್ಟರ್ ಲವೀನಾ ಪಿಂಟೊ, ದೊಡ್ಡ ಊರಿನವರು. ಬಿಳಿ ಕೂದಲು, ಗಂಡಸರ ಚಪ್ಪಲಿ, ಕೈಯಲ್ಲಿ ಅಂಕಪಟ್ಟಿ. ಎರಡು ದಿನದಿಂದ ಏಳು ಮನೆ ಸುತ್ತಿ, ಏಳೂ ಮನೆಯಲ್ಲಿ ಕಾಫಿ ಕುಡಿದು ಸುಸ್ತಾಗಿದ್ದರು. ಅಷ್ಟರಲ್ಲಿ ಇವರು ಬಾಗಿಲು ತೆರೆದು, "ವಿಚಾರಣೆ ನಡೀತಿದೆ. ಐದು ನಿಮಿಷ ಕೂತಿರಿ" ಅಂದು ಮತ್ತೆ ಬಾಗಿಲು ಹಾಕಿಕೊಂಡರು. ಪರೀಕ್ಷಕರು ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. "ಇದೂ ಪ್ರಾಜೆಕ್ಟಿನ ಭಾಗಾನಾ?" ಅಂತ ಮೆಲ್ಲಗೆ ಕೇಳಿದರು. "ಇಲ್ಲ ಮೇಡಂ, ಇದು ನಮ್ಮ ಸಂಸಾರ" ಅಂದೆ.

ಒಳಗೆ ಹಾಡು ನಡುವಿನಲ್ಲೇ ನಿಂತುಹೋಯಿತು. ಹಾಡು ನಿಂತದ್ದು ಹೇಗೆ ಎಂದು ನನಗೆ ಅರ್ಥವಾಯಿತು. ಬಾಗಿಲು ತೆರೆಯಿತು.

"ಅಳಿಸಿದೆ" ಅಂದರು.

ಜಿನದತ್ತ ಸರ್ ಗೋಡೆ ಹಿಡಿದುಕೊಂಡರು. ನಾಲ್ಕು ವರ್ಷದ ಓದು ಹೋಯಿತು ಅನಿಸಿತು, ಅದರ ಹಿಂದೆಯೇ ಹಗುರವೂ ಆಯಿತು. "ಸರಿ ರೀ" ಅಂದೆ. ಅದು ಮನಸ್ಸಿನಿಂದಲೇ ಬಂದ ಮಾತು.

"ಚೆನ್ನಾಗಿತ್ತು" ಅಂದರು ಇವರು, ನನ್ನ ಮುಖ ನೋಡದೆ. "ನಾನು ಹಂಗೆ ಕಾಣ್ತೀನಿ ಅಂತ ಗೊತ್ತಿರ್ಲಿಲ್ಲ. ಎರಡನೇ ಸಲ ನೋಡೋವಾಗ ನಗು ಬಂತು. ಆದ್ರೆ ಸಾಕ್ಷಿ ಸರಿ ಇಲ್ಲ. ಅಲ್ಲಿದ್ದದ್ದು ಇಬ್ಬರು, ಒಬ್ಬ ಕುಣಿಯೋನು, ಒಬ್ಬಳು ಸಂದೀಲಿ ನೋಡೋಳು. ಸಿಕ್ಕಿಬಿದ್ದಿರೋದು ನಾನೊಬ್ಬನೇ. ಇದ್ಯಾವ ನ್ಯಾಯ?"

ಪರೀಕ್ಷಕರು ಅಂಕಪಟ್ಟಿ ಮಡಚಿದರು. "ನ್ಯಾಯದ ಮಾತು ಸರಿ. ಆದ್ರೆ ನಾನು ಯಾವುದಕ್ಕೆ ಅಂಕ ಕೊಡ್ಲಿ?"

"ಅರ್ಧ ಗಂಟೆ ಕೊಡಿ ಮೇಡಂ" ಅಂದು ಇವರು ನನ್ನ ಕಡೆ ತಿರುಗಿದರು. "ಈಗ ನಾನು ಕೇಳ್ತೀನಿ. ನೀನು ಕೇಳಿರ್ಲಿಲ್ಲ, ನಾನು ಕೇಳ್ತೀನಿ. ನೀನು ದೋಸೆ ಹುಯ್ಯಿ, ಕುಣಿ. ನಾನು ತೆಗೀತೀನಿ. ಒಪ್ಪಿಗೆ ಇದೆಯಾ?"

ನಾನು ಹುಟ್ಟಿದಾಗಿನಿಂದ ಕುಣಿದವಳಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲೂ ಪರದೆ ಎಳೆಯುವ ಕೆಲಸ ನನ್ನದೇ. ನಾಳೆ ತೊಂಬತ್ತೇಳು, ನಾಡಿದ್ದು ತೊಂಬತ್ತೆಂಟು, ಹೀಗೆ ನಾನೂರ ಹನ್ನೆರಡು ಮನೆಯ ಜನ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಇವರಿಗೆ ಠಾಣೆಯಲ್ಲಿ ಹದಿನಾಲ್ಕು ಜನರ ನಡುವೆ ಹೇಗಾಗಿರಬೇಕು ಎಂದು ಆಗ ಗೊತ್ತಾಯಿತು, ಅಲ್ಲಿಯವರೆಗೆ ಬರೀ ಊಹಿಸಿದ್ದೆ.

"ಒಪ್ಪಿಗೆ" ಅಂದೆ.

ಸರ್ ಮತ್ತು ಪರೀಕ್ಷಕರು ಹಜಾರದಲ್ಲಿ ಕೂತರು. ಅಡುಗೆಮನೆಯಲ್ಲಿ ನಾವಿಬ್ಬರೇ. ಕಾವಲಿ ಕಾಯಿತು. ಇವರು ರೇಡಿಯೋ ಹಚ್ಚಿದರು. ಇಪ್ಪತ್ತಾರು ದಿನದ ಮೇಲೆ ಅದರ ಮೇಲೆ ಧೂಳು ಕೂತಿತ್ತು. ಫೋನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಹೂಂ, ಶುರು ಮಾಡು" ಅಂದರು. ನಾನು ಹಿಟ್ಟು ಹಾಕಿ ಸೌಟು ತಿರುಗಿಸಿದೆ. ಕೈ ತಿರುಗಿತು, ಸೊಂಟ ಕದಲಲಿಲ್ಲ.

"ಸೌಟು ನಡೆಸೋದು ಕೈಯಲ್ಲ ಕಣೇ, ಮಂಡಿ. ಮಂಡಿ ಬಿಡು."

ಮಂಡಿ ಬಿಟ್ಟೆ. ಹಿಟ್ಟು ಕಾವಲಿಯ ಆಚೆ ಹರಿಯಿತು.

"ಹರೀಲಿ ಬಿಡು! ಎಣ್ಣೆ. ಹುಬ್ಬು ಎಲ್ಲಿ? ಹುಬ್ಬು!"

ಹುಬ್ಬು ಏರಿಸಿದೆ. ನಗು ಬಂತು. ನಗು ಬಂದ ಮೇಲೆ ಹೆದರಿಕೆ ಕಮ್ಮಿಯಾಗಿ, ಎಡಗಾಲು ತಾನಾಗಿಯೇ ಹಿಂದಕ್ಕೆ ಹೋಗಿ ಡಬ್ಬಿಗಳಿಗೆ ಬಡಿಯಿತು. ದೋಸೆ ಮಗುಚಿತು, ಅರ್ಧ ಒಲೆಯ ಮೇಲೆ, ಅರ್ಧ ಕಾವಲಿಯ ಮೇಲೆ. "ಹಂಗೇ, ಹಂಗೇ, ಈಗ ತಿರುಗು!" ಅಂದರು. ತಿರುಗಿದೆ. ತಿರುಗುವಾಗ ಬೂಟುಕಾಲು ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ತಾಳಕ್ಕೆ ಸರಿಯಾಗಿ. ನಾನು ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾರೆ ಎಂದು ಒಲೆಯ ಕಡೆಗೇ ಮುಖ ಮಾಡಿಕೊಂಡು ಇನ್ನೊಂದು ದೋಸೆ ಹುಯ್ದೆ, ಅದರ ಮೇಲೆ ಇನ್ನೊಂದು. ಹಿಟ್ಟು ಮುಗಿಯುವವರೆಗೂ ಬೂಟಿನ ಸದ್ದು ನಿಲ್ಲಲಿಲ್ಲ.

ತೆಗೆದದ್ದನ್ನು ಕತ್ತರಿಸದೆ ಹಾಗೇ ಟಿವಿಗೆ ಹಾಕಿದೆವು. ನಾಲ್ವರೂ ಕೂತು ನೋಡಿದೆವು. ಮೊದಲ ಒಂದು ನಿಮಿಷ ನಾನು ಇದ್ದೆ, ಮರದ ಗೊಂಬೆಯ ಹಾಗೆ. ಅಲ್ಲಿಂದ ಮುಂದೆ ಅಡುಗೆಮನೆಯೇ ಮೇಲೆ ಕೆಳಗೆ ಹಾರತೊಡಗಿತು. ಸೂರು ಬಂತು, ನನ್ನ ಮೊಣಕೈ ಬಂತು, ಖಾರದ ಪುಡಿಯ ಡಬ್ಬಿ ಎಡದಿಂದ ಬಲಕ್ಕೆ ಹೋಗಿ ವಾಪಸ್ಸು ಬಂತು, ಕಿಟಕಿ ಒಂದು ಪೂರ್ತಿ ಸುತ್ತು ತಿರುಗಿತು, ಮತ್ತೆ ಸೂರು. ಅದರ ನಡುವೆ ಎಲ್ಲೋ ನಾನು ನಗುತ್ತ ಹಾದುಹೋಗುತ್ತಿದ್ದೆ. ಮುಗಿಯುವವರೆಗೂ ಹೀಗೇ.

ಜಿನದತ್ತ ಸರ್ ಜೇಬು ತಡವುವುದನ್ನು ಮರೆತು ಕೂತಿದ್ದರು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು, ಪೆನ್ನು ಬಿಚ್ಚಿದರು. "ಒಂದೇ ಪ್ರಶ್ನೆ" ಅಂದರು. "ಕ್ಯಾಮೆರಾ ಯಾಕೆ ಇಷ್ಟು ಅಲ್ಲಾಡ್ತಿದೆ?"

ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು ಎದ್ದು ನಿಂತರು. ಯೂನಿಫಾರಮ್ಮಿನ ಎದೆಯ ಮೇಲೆ ಎರಡು ಕಡೆ ದೋಸೆ ಹಿಟ್ಟು ಅಂಟಿತ್ತು.

"ಪಕ್ಕದಲ್ಲಿ ಮಿಕ್ಸಿ ಓಡ್ತಿತ್ತು ಮೇಡಂ" ಅಂದರು.

ಪರೀಕ್ಷಕರು ಅಡುಗೆಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿದರು. ನಮ್ಮ ಮನೆಯಲ್ಲಿ ಮಿಕ್ಸಿ ಇಲ್ಲ, ರುಬ್ಬುವ ಕಲ್ಲೇ. ಅದರ ಕಡೆ ಸ್ವಲ್ಪ ಹೊತ್ತು ನೋಡಿದರು, ಇವರ ಬೂಟಿನ ಕಡೆ ನೋಡಿದರು, ಆಮೇಲೆ ತಲೆಯಾಡಿಸಿ, "ಹೌದು, ಓಡ್ತಿತ್ತು" ಅಂದು ಅಂಕಪಟ್ಟಿಯಲ್ಲಿ ಬರೆದುಕೊಂಡರು.